ಕಂಬದ ಸುಂಕಪ್ಪನ ಗಿಡಮಂಗನಾಟ

ಕೆಲಸ ಮುಗಿದಿತ್ತು. ಸುಂಕಪ್ಪ ಸೊಂಟಕ್ಕೆ ಬಿಗಿದಿದ್ದ ಹಗ್ಗವನ್ನು ಬಿಚ್ಚಿ ಹೆಗಲಿಗೆ ಹಾಕಿಕೊಂಡ. ಕಂಬದಿಂದ ಇಳಿಯುವ ಮೊದಲು ತಾನು ಬಿಗಿದ ತಂತಿಯನ್ನು ಇನ್ನೊಮ್ಮೆ ಅಲುಗಿಸಿ ನೋಡುವುದು ಅವನ ರೂಢಿ. ಅಂದೂ ಬಲಗೈ ಚಾಚಿದ. ತಂತಿಗೆ ಬೆರಳು ತಾಕುವುದಕ್ಕೂ ಅದರೊಳಗೆ ಕರೆಂಟು ಹರಿಯುವುದಕ್ಕೂ ಸರಿಹೋಯಿತು.

ಎಪ್ಪತ್ತಾರನೇ ಇಸವಿ. ಮಾನ್ವಿ ತಾಲೂಕಿನ ಕಾಲುವೆ ಕೆಳಗಿನ ಗದ್ದೆಗಳಲ್ಲಿ ಭತ್ತದ ನಾಟಿ ನಡೆದಿತ್ತು. ಸಾಲಾಗಿ ಬಾಗಿದ್ದ ಹೆಣ್ಣುಮಕ್ಕಳು ಚಟ್ಟನೆಯ ಸದ್ದು ಕೇಳಿ ತಲೆಯೆತ್ತಿದಾಗ ಕಂಬದ ತುದಿಯಲ್ಲಿ ಮನುಷ್ಯನಿರಲಿಲ್ಲ. ಮೊಣಕಾಲುದ್ದದ ಕೆಸರಿನಲ್ಲಿ ಬಿದ್ದಿದ್ದ. ಒಣ ನೆಲವಾಗಿದ್ದರೆ ಅಂದೇ ಅವನ ಕಥೆ ಮುಗಿಯುತ್ತಿತ್ತು. ಕೆಸರು ಜೀವ ಉಳಿಸಿತು. ಆದರೆ ಬಲಭುಜ ಮುರಿಯಿತು, ಅಂಗೈ ಸುಟ್ಟಿತು. ಬಂಡಿಯಲ್ಲಿ ಮಾನ್ವಿಗೆ, ಅಲ್ಲಿಂದ ಜೀಪಿನಲ್ಲಿ ರಾಯಚೂರಿನ ದೊಡ್ಡಾಸ್ಪತ್ರೆಗೆ ಒಯ್ದರು. ದಾರಿಯುದ್ದಕ್ಕೂ ಅವನು ಒಂದೇ ಮಾತು ಕೇಳುತ್ತಿದ್ದ: "ಯಾರು ಹಾಕಿದ್ರು? ಲೈನ್ ಯಾರು ಹಾಕಿದ್ರು?"

ಹಾಕಿದ್ದು ವಿರೂಪಣ್ಣ. ಅದು ಎಲ್ಲರಿಗೂ ಗೊತ್ತಿತ್ತು. ಊರ ಹೊರಗಿನ ಕಂಬವೊಂದರ ಬುಡದಲ್ಲಿ ಲೈನಿನ ಸ್ವಿಚ್ಚಿಗೆ ಉದ್ದನೆಯ ಕಬ್ಬಿಣದ ಹಿಡಿಕೆ ಇರುತ್ತಿತ್ತು. ಕೆಳಗೆ ಎಳೆದರೆ ಕರೆಂಟು ಹೋಗುತ್ತದೆ, ಮೇಲೆ ಎತ್ತಿದರೆ ಬರುತ್ತದೆ. ಒಬ್ಬ ಕಂಬದ ಮೇಲೆ ಕೆಲಸ ಮಾಡುವಾಗ ಇನ್ನೊಬ್ಬ ಆ ಹಿಡಿಕೆಯ ಹತ್ತಿರ ನಿಂತಿರಬೇಕು. ಮೇಲಿದ್ದವನು ನೆಲಕ್ಕಿಳಿದು ಕೆಂಪು ಬಟ್ಟೆ ಬೀಸುವ ತನಕ ಅದನ್ನು ಮುಟ್ಟಬಾರದು. ಸುಂಕಪ್ಪನೂ ವಿರೂಪಣ್ಣನೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು, ಒಂದೇ ಬುತ್ತಿಯಲ್ಲಿ ಉಂಡವರು. ಒಬ್ಬ ಮೇಲೆ, ಒಬ್ಬ ಹಿಡಿಕೆಯ ಹತ್ತಿರ. ವರ್ಷಗಟ್ಟಲೆ ಹೀಗೇ ನಡೆದಿತ್ತು. ವಿಚಾರಣೆಯಾಯಿತು. ವಿರೂಪಣ್ಣ ತಪ್ಪು ಒಪ್ಪಿಕೊಂಡು ತಲೆ ತಗ್ಗಿಸಿ ನಿಂತ. ಅವನನ್ನು ದೇವದುರ್ಗದ ಸ್ಟೋರಿಗೆ ವರ್ಗ ಮಾಡಿದರು. ಆಸ್ಪತ್ರೆಗೆ ಅವನು ಬಂದಾಗ ಸುಂಕಪ್ಪ ಗೋಡೆಯ ಕಡೆ ಹೊರಳಿ ಮಲಗಿದ.

ಸುಂಕಪ್ಪ ಬಾಗಲವಾಡದ ಕೂಲಿಕಾರನ ಮಗ. ಊರಿಗೆ ಮೊದಲ ಸಲ ಕರೆಂಟು ಬಂದಾಗ ಕಂಬ ನೆಡುವ ಗುಂಡಿ ತೋಡಲು ಅಪ್ಪನ ಜೊತೆ ಹೋದವನು, ಗುಂಡಿಯಿಂದ ಕಂಬಕ್ಕೆ ಏರಿದ. ಎಣ್ಣೆ ಹಚ್ಚಿದಂತಹ ನುಣ್ಣನೆಯ ಕಂಬವನ್ನು ಅಂಗೈ ಅಂಗಾಲಿನ ಬಲದಲ್ಲೇ ಹತ್ತುತ್ತಿದ್ದ. ಮಾನ್ವಿಯಲ್ಲಿ ಜನ ಅವನನ್ನು 'ಕಂಬದ ಸುಂಕಪ್ಪ' ಎಂದೇ ಕರೆಯುತ್ತಿದ್ದರು. ಆ ಹೆಸರು ಕೇಳಿದರೆ ಒಳಗೊಳಗೇ ಹಿಗ್ಗುತ್ತಿದ್ದ.

ದೀಪಾವಳಿಯ ಹೊತ್ತಿಗೆ ಎಲುಬು ಕೂಡಿತು, ಪಟ್ಟಿ ಬಿಚ್ಚಿದರು. ಆದರೆ ಬಲಗೈ ಭುಜದ ಮಟ್ಟ ದಾಟಿ ಮೇಲೇಳಲಿಲ್ಲ. ಗೋಡೆಗೆ ಬೆರಳಿಟ್ಟು ಇರುವೆ ಏರಿದಂತೆ ಮೆಲ್ಲಗೆ ಕೈ ಏರಿಸುತ್ತಾ ಹೋಗು, ದಿನಾ ಮಾಡು, ಎಂದು ಡಾಕ್ಟರು ತೋರಿಸಿಕೊಟ್ಟಿದ್ದರು. ಕೆಲವು ದಿನ ಮಾಡಿದ. ಗೋಡೆ ಅಲ್ಲೇ ಇತ್ತು, ಕೈಯೂ ಅಲ್ಲೇ ಇತ್ತು. ಬೇಸತ್ತು ಬಿಟ್ಟ.

ಒಂದು ಮುಂಜಾನೆ ಯಾರಿಗೂ ಹೇಳದೆ ಮಾನ್ವಿಯ ಆಫೀಸಿಗೆ ಹೋಗಿ, ಅಂಗಳದಲ್ಲಿದ್ದ ತಂತಿಯಿಲ್ಲದ ಕಂಬವನ್ನು ತಬ್ಬಿದ. ಜೊತೆಯವರು ನಗುತ್ತಾ ಹುರಿದುಂಬಿಸಿದರು. ಒಂದಾಳೆತ್ತರ ಏರುವಷ್ಟರಲ್ಲಿ ಕೈಯ ನೋವಿಗಿಂತ ಬೇರೆ ಏನೋ ಬಂದು ಅವನನ್ನು ಹಿಡಿಯಿತು. ಕಿವಿ ಗುಂಯ್‌ಗುಟ್ಟಿತು. ಕಾಲು ತಾನಾಗಿ ನಡುಗತೊಡಗಿತು. ಮೇಲೆ ತಂತಿಯೇ ಇಲ್ಲವೆಂದು ಕಣ್ಣಿಗೆ ಗೊತ್ತು, ಮೈಗೆ ಗೊತ್ತಿಲ್ಲ. ಜಾರಿ ಇಳಿದವನು ಕಾಂಪೌಂಡಿನ ಮೂಲೆಗೆ ಹೋಗಿ ವಾಂತಿ ಮಾಡಿಕೊಂಡ. ನಗುತ್ತಿದ್ದವರಲ್ಲೊಬ್ಬ ನೀರು ತಂದುಕೊಟ್ಟ.

ಸೆಕ್ಷನ್ ಆಫೀಸರು ಕೆಟ್ಟ ಮನುಷ್ಯನಲ್ಲ. ಒಳಗೆ ಕರೆದು ಕೂರಿಸಿ, ಚಹಾ ತರಿಸಿ ಹೇಳಿದರು: "ಸುಂಕಪ್ಪ, ಯುಗಾದಿ ತನಕ ಕಾಯ್ತೀನಿ. ಕಂಬ ಏರಾಕ ಆದ್ರ ಬಾ. ಆಗಲಿಲ್ಲಂದ್ರ ರಾಯಚೂರಿನ ಗೋದಾಮಿಗೆ ವಾಚ್‌ಮನ್ ಅಂತ ಬರದು ಕಳಿಸ್ತೀನಿ. ಹೊಟ್ಟಿಗೇನು ಕಮ್ಮಿ ಆಗಲ್ಲ."

"ಹೊಟ್ಟಿ ಮಾತಲ್ರಿ ಸಾಹೇಬ್ರ," ಎಂದಷ್ಟೇ ಹೇಳಿ ಎದ್ದು ಬಂದ.

ಆಮೇಲೆ ಮನೆಯಲ್ಲಿ ಮೌನ. ಮಾತಾಡಿದರೆ ಸಿಡುಕು. ಹೆಂಡತಿ ಯಮನಮ್ಮ ಕೆಲವು ದಿನ ತಡೆದುಕೊಂಡಳು. ಆಮೇಲೆ ಬಟ್ಟೆ ಗಂಟು ಕಟ್ಟಿ ಅವನನ್ನು ಬಸ್ಸಿಗೆ ಹತ್ತಿಸಿ ತಾನೂ ಹತ್ತಿದಳು. ಅವಳ ತವರು ದೇವದುರ್ಗ ತಾಲೂಕಿನ ಗೂಗಲ್, ಕೃಷ್ಣಾ ನದಿಯ ದಂಡೆಯ ಊರು. ಮನೆಯಲ್ಲಿ ತಾಯಿ ಗೋಪಮ್ಮ, ತಮ್ಮ ಅಯ್ಯಣ್ಣ. ಅಳಿಯನಿಗೆ ಹೊಸ ಕಂಬಳಿ ಹಾಸಿದರು, ಜೋಳದ ರೊಟ್ಟಿಗೆ ಬೆಣ್ಣೆ ಹಾಕಿ ಕೊಟ್ಟರು. ಅವನು ಉಂಡು, ಹೊಳೆ ದಂಡೆಯ ಆಲದ ಗಿಡದ ಕೆಳಗೆ ಹೋಗಿ ಕುಳಿತು ನೀರು ನೋಡುತ್ತಿದ್ದ. ಎಷ್ಟು ಹೊತ್ತಾದರೂ ಹಾಗೇ ನೋಡುತ್ತಿದ್ದ. ಆ ನೋಟ ಯಮನಮ್ಮನಿಗೆ ಹಿಡಿಸಲಿಲ್ಲ. ಹೊಳೆಗೆ ಬಟ್ಟೆ ಒಗೆಯಲು ಬಂದವಳು ಒಗೆಯುವುದು ಬಿಟ್ಟು ಅವನನ್ನೇ ಕಾಯುತ್ತಾ ನಿಲ್ಲುವಂತಾಯಿತು.

ಒಂದು ಮಧ್ಯಾಹ್ನ ಅವನು ಎದ್ದು ನೀರಿನ ಅಂಚಿಗೆ ಹೋದ. ಅಲ್ಲಿ ಮಡು ಇತ್ತು. ಈಜು ಬರುವವರೂ ಇಳಿಯದ ಜಾಗ. ಯಮನಮ್ಮ ಓಡಿ ಹೋಗಿ ಕೈ ಹಿಡಿಯಬಹುದಿತ್ತು. ಹಿಡಿದು ಏನು ಹೇಳುವುದು? ಕಾಲ ಬಳಿ ಬಿದ್ದಿದ್ದ ಕೋಲನ್ನು ಎತ್ತಿಕೊಂಡು, ಒಂದು ಕಾಲೆತ್ತಿ ಅದರಡಿಯಿಂದ ಬೀಸಿ ಒಗೆದಳು. ಅದು ಅವನ ಬೆನ್ನ ಹಿಂದೆ ಬಿತ್ತು.

"ತಗೊಂಡ್ ಬರ್ರಿ! ನೀವ ಕಳ್ಳ!"

ಅವನು ತಿರುಗಿದ. ಹೆಂಡತಿ ಸೀರೆಯನ್ನು ಕಚ್ಚೆಯಂತೆ ಸಿಕ್ಕಿಸಿಕೊಂಡು ಆಲದ ಗಿಡ ಏರುತ್ತಿದ್ದಳು.

"ಹುಚ್ಚು ಹಿಡದದ ಏನ ನಿನಗ? ಇಳಿ ಕೆಳಗ! ಮಂದಿ ನೋಡ್ತಾರ."

"ನೋಡ್ಲಿ. ಮುಟ್ರಿ ನೋಡೋಣ."

ಅದು ಗಿಡಮಂಗನಾಟ. ಬುಡದಲ್ಲೊಂದು ಗುಂಡನೆಯ ಗೆರೆ, ಅದರೊಳಗೊಂದು ಕೋಲು. ಒಬ್ಬ ಕೋಲನ್ನು ಕಾಲಡಿಯಿಂದ ದೂರ ಒಗೆಯುತ್ತಾನೆ. ಕಳ್ಳನಾದವನು ಅದನ್ನು ತಂದು ಗೆರೆಯೊಳಗೆ ಇಡುವಷ್ಟರಲ್ಲಿ ಉಳಿದವರೆಲ್ಲ ಗಿಡ ಏರಿರಬೇಕು. ಆಮೇಲೆ ಕಳ್ಳ ಕೋಲನ್ನೂ ಕಾಯಬೇಕು, ಮೇಲಿನವರನ್ನೂ ಮುಟ್ಟಬೇಕು. ಅವನ ಕಣ್ಣು ತಪ್ಪಿಸಿ ಯಾರಾದರೂ ಜಿಗಿದು ಕೋಲು ಹಿಡಿದರೆ ಮತ್ತೆ ಅವನೇ ಕಳ್ಳ. ಬಾಗಲವಾಡದಲ್ಲಿ ಸುಂಕಪ್ಪನೂ, ಗೂಗಲ್ಲಿನಲ್ಲಿ ಯಮನಮ್ಮನೂ ಇದನ್ನು ಆಡಿಯೇ ಬೆಳೆದವರು.

ಆಡಬೇಕೆಂದು ಅವನು ಬರಲಿಲ್ಲ. ಸಿಟ್ಟಿನಿಂದ ಬಂದ. ದಂಡೆಯ ಮೇಲೆ ಕುರಿ ಹೊಡೆದುಕೊಂಡು ಹೋಗುವವರು ನಿಂತು ನೋಡುತ್ತಿದ್ದರು. ಬುಡಕ್ಕೆ ಬಂದವನೇ ಅವಳ ಪಾದ ಹಿಡಿದೆಳೆಯಲು ಕೈ ಚಾಚಿದ. ಅವಳು ಕಾಲು ಮೇಲಕ್ಕೆಳೆದುಕೊಂಡಳು. ಇನ್ನೂ ಚಾಚಿದ. ಭುಜದಲ್ಲಿ ಏನೋ ಕಿತ್ತಂತಾಗಿ "ಯವ್ವಾ!" ಎಂದು ಕುಸಿದು ಕುಳಿತ. ಯಮನಮ್ಮ ದಡಬಡಿಸಿ ಇಳಿದಳು. ಬೈಗುಳ ಬರುತ್ತದೆಂದು ಕಾದಳು. ಅವನು ಬೈಯಲಿಲ್ಲ. ತನ್ನ ಬಲಗೈಯನ್ನೇ ನೋಡುತ್ತಾ ಕೇಳಿದ: "ಎಲ್ಲೀತನ ಹೋಗಿತ್ತು?"

"ನಿಮ್ಮ ತಲಿ ಮ್ಯಾಲತನ," ಎಂದಳು.

ಮರುದಿನ ಅವನೇ ಕೋಲು ಹುಡುಕಿದ.

ಮೊದಮೊದಲು ಅವನೇ ಖಾಯಂ ಕಳ್ಳ. ಓಡುವುದು, ಬಗ್ಗುವುದು, ಎಗರಿ ಕೈ ಚಾಚುವುದು. ಆಟದ ಭರದಲ್ಲಿ ಕೈ ಎಷ್ಟು ಮೇಲೆ ಹೋಯಿತೆಂಬುದು ಅವನಿಗೆ ನೆನಪಾಗುತ್ತಿರಲಿಲ್ಲ, ಆಮೇಲೆ ನೋವಾದಾಗಲೇ ತಿಳಿಯುತ್ತಿತ್ತು. ಅಯ್ಯಣ್ಣ ಅಕ್ಕನನ್ನು ಮನೆಗೆ ಕಳಿಸಿ ತಾನು ಆಟಕ್ಕಿಳಿದ. ಹೊಲದ ಕೆಲಸ ಮುಗಿಸಿದ ಅವನ ಗೆಳೆಯರಿಬ್ಬರು ಮೊದಲು ನಗಲು ಬಂದರು, ಆಮೇಲೆ ಆಡಲು ಬಂದರು. ಆಲದ ಬಿಳಲು ಹಿಡಿದು ಜೋತಾಡಿದರು. ಕುಂಟಾಟ ಆಡಿದರು, ಲಗೋರಿ ಆಡಿದರು. ಬೆವರು ಹರಿದು ಅಂಗಿ ಮೈಗಂಟುತ್ತಿತ್ತು.

ಗೋಪಮ್ಮನಿಗೆ ಮಾತ್ರ ಇದನ್ನು ಸಹಿಸಲಾಗಲಿಲ್ಲ. "ಮೀಸಿ ಹಣ್ಣಾಗಾಕ ಬಂದ ಅಳಿಯ ಗಿಡದ ಬುಡಕ ಹುಡುಗರಾಟ ಆಡಾಕತ್ತಾನ. ಅಲ್ಲಮಪ್ರಭುವಿನ ಗುಡಿಗೆ ಬರೋ ಮಂದಿ ಎಲ್ಲಾ ನಗಾಕತ್ತಾರ. ಬಿದ್ದು ಇನ್ನೊಂದು ಕೈ ಮುರದ್ರ ಯಾರ ಹೊಣಿ?" ಎಂದು ಮಗಳ ಮೇಲೆ ಹಾರಾಡಿದಳು.

"ಮುರೀಲಿ ಬಿಡವ್ವ. ಕುಂತಲ್ಲೇ ಸಾಯೋದಕ್ಕಿಂತ ಅದ ಚಲೋ," ಎಂದಳು ಯಮನಮ್ಮ. ಆದರೆ ಅಂದು ಉಣ್ಣಲಿಲ್ಲ. ಅವಳಿಗೂ ಅದೇ ಭಯವಿತ್ತು.

ಆ ಭಯ ನಿಜವಾಗುವ ದಿನ ಬಂತು. ಕೈಗೆ ಬಲ ಬಂದಿತ್ತು. ಸುಂಕಪ್ಪ ಮೊದಲ ಸಲ ಗಿಡ ಏರಿದ. ಕೆಳಗಿನ ಟೊಂಗೆಯಿಂದ ಮೇಲಿನದಕ್ಕೆ ಹೋಗುವ ತನಕ ಎಲ್ಲ ಸರಿಯಿತ್ತು. ಅಲ್ಲಿ ಕೆಳಗೆ ನೋಡಿಬಿಟ್ಟ. ಹಳೆಯ ಗುಂಯ್‌ಗುಟ್ಟುವಿಕೆ ಕಿವಿಗೆ ಬಂತು. ಟೊಂಗೆಯನ್ನು ಎರಡೂ ಕೈಯಿಂದ ತಬ್ಬಿ, ಕಣ್ಣು ಮುಚ್ಚಿ ಕಲ್ಲಾದ. ಕೆಳಗಿನವರು ಕೂಗಿದರೂ ಕದಲಲಿಲ್ಲ. ತಬ್ಬಿದ ಬಿಗಿಗೆ ಬೆರಳುಗಳು ಬಿಳಚಿಕೊಂಡಿದ್ದವು. ಆ ಬಿಗಿ ಎಷ್ಟು ಹೊತ್ತು ಉಳಿದೀತು ಎಂಬುದೇ ಎಲ್ಲರ ಚಿಂತೆ. ಅಯ್ಯಣ್ಣ ಮೆಲ್ಲನೆ ಏರಿ ಅವನ ಪಕ್ಕದಲ್ಲಿ ಕುಳಿತ.

"ಮಾಮಾ, ಇಳಿ ಅನ್ನಾಂಗಿಲ್ಲ ನಾನು. ಇಲ್ಲೇ ಕುಂದ್ರೂಣು. ಉಸುರು ಬಿಡು. ಬಿಡು, ಹೊರಗ ಬಿಡು. ಈಗ ಬಲಗಾಲು ಒಂದ ಸರಸು. ಅಷ್ಟ. ಮುಂದಿಂದು ಆಮ್ಯಾಗ."

ಹಾಗೆ ಒಂದೊಂದೇ ಅಂಗ ಬಿಡಿಸಿ ಇಳಿಸಿದ. ಇಳಿದ ಮೇಲೆ ಸುಂಕಪ್ಪ ಯಾರ ಮುಖವನ್ನೂ ನೋಡಲಿಲ್ಲ. ಮರುದಿನ ಮತ್ತೆ ಏರಿದ, ಅದೇ ಟೊಂಗೆಗೆ. ಅಲ್ಲೇ ಕುಳಿತು ಉಸಿರು ಬಿಟ್ಟು, ಬಲಗಾಲು ಸರಿಸಿ, ತಾನೇ ಇಳಿದ. ಶಿವರಾತ್ರಿಯ ಹೊತ್ತಿಗೆ ಅವನನ್ನು ಮುಟ್ಟುವುದು ಯಾರಿಗೂ ಸುಲಭವಿರಲಿಲ್ಲ.

ಆಗಲೇ ವಿರೂಪಣ್ಣ ಬಂದದ್ದು. ದೇವದುರ್ಗದಿಂದ ಸೈಕಲ್ ತುಳಿದುಕೊಂಡು, ಧೂಳು ಮೆತ್ತಿಕೊಂಡು ಬಂದಿದ್ದ. ಸುಂಕಪ್ಪ ಗಿಡದ ಮೇಲಿದ್ದ. ಉಳಿದವರು ಆಟ ನಿಲ್ಲಿಸಿದರು. ಬಂದವನು ಯಾರೆಂದು, ಹೊಳೆಗೆ ಬಟ್ಟೆ ಒಗೆಯಲು ಬಂದಿದ್ದ ಯಮನಮ್ಮನ ಮುಖದಿಂದಲೇ ಎಲ್ಲರಿಗೂ ತಿಳಿಯಿತು.

"ಎದಕ ಬಂದ್ಯಪ್ಪಾ?" ಎಂದಳು ಅವಳು.

"ನೋಡಿ ಹೋಗೂಣಂತ ಬಂದೆ ತಂಗಿ."

ಮೇಲಿನಿಂದ ದನಿ ಬಂತು: "ಅವಗ ಕೋಲು ಕಾಯಾಕ ಹೇಳು."

ವಿರೂಪಣ್ಣ ಚಪ್ಪಲಿ ಬಿಟ್ಟು ಬುಡದಲ್ಲಿ ನಿಂತ. ಅಯ್ಯಣ್ಣನೂ ಗೆಳೆಯರೂ ಒಬ್ಬೊಬ್ಬರಾಗಿ ಏರಿದರು. ಸುಂಕಪ್ಪನಿಗೆ ಕೆಳಗೆ ಜಿಗಿಯಬೇಕಿತ್ತು, ಜಿಗಿಯಲಾಗಲಿಲ್ಲ. ಕೆಳಗೆ ಅವನಿದ್ದಾನೆಂಬುದಷ್ಟೇ ಅಂಗೈಯಲ್ಲಿ ಬೆವರು ತರಿಸಿತು. ಇಷ್ಟು ದಿನ ಗೆದ್ದುಕೊಂಡದ್ದೆಲ್ಲ ಕೈ ಜಾರುತ್ತಿತ್ತು. ವಿರೂಪಣ್ಣ ಕೋಲಿನ ಕಡೆ ನೋಡಲೇ ಇಲ್ಲ. ಸುಂಕಪ್ಪನ ಮೇಲಿನ ಕಣ್ಣು ತೆಗೆಯದೆ ನಿಂತಿದ್ದ. ಅಯ್ಯಣ್ಣ ಹಿಂದಿನಿಂದ ಜಿಗಿದು ಕೋಲು ಹಿಡಿದರೂ ಅವನಿಗೆ ಗೊತ್ತಾಗಲಿಲ್ಲ.

"ವಿರೂಪಣ್ಣ," ಸುಂಕಪ್ಪ ಮೇಲಿನಿಂದ ಕೇಳಿದ, "ಅವತ್ತು ಯಾಕ ಎತ್ತಿದಿ ಹಿಡಿಕಿ?"

ವಿರೂಪಣ್ಣ ಹಣೆಯ ಬೆವರು ಒರೆಸಿಕೊಂಡ.

"ಕೆಂಪು ಕಂಡಿತ್ತಲೇ ಸುಂಕ್ಯಾ. ಕೆಂಪು ಬೀಸಿದ್ದು ಕಂಡಿತ್ತು. ನಾಟಿ ಹಚ್ಚೋ ಹೆಣ್ಮಗಳು ನೀರು ತರಾಕಿನ್ನ ಕರಿಯಾಕ ಕೆಂಪು ಸೆರಗು ಬೀಸ್ಯಾಳ. ನಾನು ನೀನಂದ್ಕೊಂಡೆ. ಕಂಬದ ತುದಿ ಒಮ್ಮಿ ನೋಡಿದ್ರ ಮುಗೀತಿತ್ತು. ನೋಡ್ಲಿಲ್ಲ."

"ಸಾಹೇಬ್ರ ಮುಂದ ಇದು ಹೇಳ್ಲಿಲ್ಲಲ್ಲ?"

"ಏನಂತ ಹೇಳ್ಲಿ? ಸೀರಿ ನೋಡಿ ಲೈನ್ ಹಾಕಿದೆ ಅಂತನಾ?"

ಗೆಳೆಯರಲ್ಲೊಬ್ಬ ನಗು ತಡೆದುಕೊಂಡ. ಸುಂಕಪ್ಪ ನಗಲಿಲ್ಲ. ಬಹಳ ಹೊತ್ತಿನ ಮೇಲೆ ಇಳಿದ. ಜಿಗಿಯಲಿಲ್ಲ, ಟೊಂಗೆ ಟೊಂಗೆ ಹಿಡಿದು ಇಳಿದ. ವಿರೂಪಣ್ಣನಿಗೆ ಮನೆಯಲ್ಲಿ ರೊಟ್ಟಿ ಹಾಕಿಸಿದ. ಕ್ಷಮಿಸಿದೆ ಎಂದು ಬಾಯಲ್ಲಿ ಬರಲಿಲ್ಲ. ಕ್ಷಮಿಸಿದ್ದನೋ ಇಲ್ಲವೋ ಅವನಿಗೇ ತಿಳಿದಿರಲಿಲ್ಲ.

ಯುಗಾದಿಯ ಮರುವಾರ ಮಾನ್ವಿಯ ಆಫೀಸಿನ ಅಂಗಳದ ಕಂಬವನ್ನು ಏರಿ ಇಳಿದು ತೋರಿಸಿದ. ಸಾಹೇಬರು ಮೆಚ್ಚಿದರು. ಆದರೆ ಅದು ಬರಿಯ ಕಂಬ. ನಿಜವಾದ ಲೈನಿನ ಕೆಲಸ ಬಂದಾಗ ಕೇಳಿದರು: "ವಿರೂಪಣ್ಣ ವಾಪಸ್ ಬಂದಾನ. ಹಿಡಿಕಿ ಹತ್ತಿರ ಅವನ್ನ ನಿಲ್ಲಿಸ್ಲೇನು, ಬ್ಯಾರೆಯವರನ್ನ ನಿಲ್ಲಿಸ್ಲೇನು?"

ವಿರೂಪಣ್ಣ ಬಾಗಿಲಲ್ಲೇ ಇದ್ದ. ಸುಂಕಪ್ಪ ನೆಲ ನೋಡುತ್ತಾ ಹೇಳಿದ: "ಸತ್ತಾರ್ ಸಾಬ್ ಇರ್ಲಿ ಬಿಡ್ರಿ."

ವಿರೂಪಣ್ಣ ಹೊರಗೆ ಹೋದ.

ಸತ್ತಾರ್ ಸಾಬ್ ವಯಸ್ಸಾದ, ನಿಧಾನಿ ಮನುಷ್ಯ. ಹಿಡಿಕೆ ಎಳೆದು, ಎರಡು ಸಲ ಪರೀಕ್ಷಿಸಿ, ಕೈ ಬೀಸಿದ. ಸುಂಕಪ್ಪ ಏರಿದ. ಬೇಸಿಗೆಯ ಬಿಸಿಲಿಗೆ ಕಂಬ ಕಾದಿತ್ತು. ಅರ್ಧ ಏರುವ ತನಕ ಯೋಚನೆಯೇ ಇರಲಿಲ್ಲ. ಅರ್ಧ ದಾಟಿದ ಮೇಲೆ ತಂತಿಗಳು ಹತ್ತಿರವಾದವು. ಸತ್ತ ತಂತಿಗೂ ಜೀವವಿರುವ ತಂತಿಗೂ ನೋಡಲು ಏನೂ ವ್ಯತ್ಯಾಸವಿಲ್ಲ ಎಂಬುದು ಅವನಿಗೆ ಹೊಸದಾಗಿ ಹೊಳೆಯಿತು. ಕಿವಿ ಗುಂಯ್‌ಗುಟ್ಟಿತು. ಕಂಬವನ್ನು ತೊಡೆಗಳಿಂದ ಬಿಗಿದು, ಉಸಿರು ಹೊರಬಿಟ್ಟ. ಬಲಗಾಲು ಒಂದನ್ನೇ ಸರಿಸಿದ. ಆಮೇಲೆ ಎಡಗಾಲು. ತುದಿ ಮುಟ್ಟಿ, ಹಗ್ಗ ಬಿಗಿದು, ಮುಟ್ಟುವ ಮೊದಲು ಒಮ್ಮೆ ದೂರದ ಹಿಡಿಕೆಯ ಕಡೆ ನೋಡಿದ.

ಅಲ್ಲಿ ಒಬ್ಬನಲ್ಲ, ಇಬ್ಬರಿದ್ದರು. ಸತ್ತಾರ್ ಸಾಬ್ ಹಿಡಿಕೆಯ ಪಕ್ಕದಲ್ಲಿ ಎಂದಿನ ಬೀಡಿಯೂ ಇಲ್ಲದೆ ಕುಳಿತಿದ್ದ. ಅವನ ಆಚೆ ವಿರೂಪಣ್ಣನ ಸೈಕಲ್ಲು ಬಿದ್ದಿತ್ತು. ವಿರೂಪಣ್ಣ ಹಿಡಿಕೆಗೆ ಬೆನ್ನು ಕೊಟ್ಟು, ಎರಡೂ ಕೈ ಎದೆಗೆ ಕಟ್ಟಿಕೊಂಡು ಬಿಸಿಲಿನಲ್ಲಿ ನಿಂತಿದ್ದ. ಯಾರೂ ಅವನನ್ನು ಅಲ್ಲಿಗೆ ಕಳಿಸಿರಲಿಲ್ಲ. ಅವನ ಮುಖ ಇತ್ತ ತಿರುಗಿತ್ತು, ಕಂಬದ ತುದಿಯ ಕಡೆಗೆ.

ಸುಂಕಪ್ಪ ತಂತಿ ಮುಟ್ಟಿದ. ಏನೂ ಆಗಲಿಲ್ಲ. ಬಲಗೈ ತಲೆಯ ಮೇಲೆತ್ತಿ, ಸಾವಕಾಶವಾಗಿ ಕೆಲಸ ಮುಗಿಸಿ ಇಳಿದ. ಮುಂದೆ ಎರಡು ಮಳೆಗಾಲ ಕಳೆದ ಮೇಲೆ, ಯಾರೂ ಕೇಳದಿದ್ದರೂ, ಹಿಡಿಕೆಯ ಕೆಲಸವನ್ನು ವಿರೂಪಣ್ಣನಿಗೇ ಕೊಡಿಸಿದ. ಮೊದಲಿನ ಹರಟೆ, ಮೊದಲಿನ ಬುತ್ತಿ ಮರಳಲಿಲ್ಲ. ಇಬ್ಬರೂ ಒಂದೇ ಲೈನಿನ ಎರಡು ತುದಿಯಲ್ಲಿ ಒಬ್ಬರನ್ನೊಬ್ಬರು ನೋಡುತ್ತಾ ಕೆಲಸ ಮಾಡಿದರು.

ಆಟವನ್ನು ಮಾತ್ರ ಸುಂಕಪ್ಪ ಬಿಡಲಿಲ್ಲ. ಮಾನ್ವಿಯ ಆಫೀಸಿನ ಅಂಗಳದಲ್ಲೊಂದು ಬೇವಿನ ಗಿಡವಿತ್ತು. ಮುಂಜಾನೆ ಲೈನಿಗೆ ಹೊರಡುವ ಮೊದಲು ಒಂದಿಷ್ಟು ಹೊತ್ತು ಅದರ ಮೇಲೆ. ಒಂದು ವಾರ ಬಿಟ್ಟರೂ ಭುಜ ಬಿಗಿಯುತ್ತಿತ್ತು, ಎದೆಯಲ್ಲಿ ಹಳೆಯ ನಡುಕ ಮೂಡುತ್ತಿತ್ತು. ಹಾಗಾಗಿ ಬಿಡುವಂತೆಯೇ ಇರಲಿಲ್ಲ. ಮೊದಲು ಒಬ್ಬನೇ ಜೋತಾಡುತ್ತಿದ್ದ. ಕ್ರಮೇಣ ಉಳಿದ ಲೈನ್‌ಮನ್‌ಗಳೂ ಕೂಡಿಕೊಂಡರು. ಖಾಕಿ ಚಡ್ಡಿಯ ಗಂಡಸರು ಗಿಡಮಂಗನಾಟ ಆಡುವುದು ಮಾನ್ವಿಯ ಚಹಾದಂಗಡಿಗಳಲ್ಲಿ ನಗೆಯ ಮಾತಾಯಿತು.

ಎಂಬತ್ತನಾಲ್ಕರಲ್ಲಿ ಹೊಸ ಆಫೀಸರು ಬಂದರು. ಮೊದಲ ಮುಂಜಾನೆಯೇ ಈ ನೋಟ ಕಂಡು ಸಿಟ್ಟಾದರು. "ಏನಿದು? ಸರ್ಕಾರಿ ಆಫೀಸೋ, ಹುಡುಗರ ಸಾಲಿಯೋ? ಯಾರರ ಬಿದ್ದು ಸತ್ರ ನನ್ನ ಕುತ್ತಿಗಿಗೆ ಬರ್ತದ!"

ಎಲ್ಲರೂ ಜಾರಿಕೊಂಡರು. ಸುಂಕಪ್ಪ ಉಳಿದ. ಗಿಡದಿಂದ ಇಳಿದು ಅವರ ಎದುರು ನಿಂತ. "ಸಾಹೇಬ್ರ, ಕಂಬದ ಮ್ಯಾಲ ಕೈ ಸೋತ್ರ ಹೆಣ ಆಗ್ತೀವಿ. ಇಲ್ಲಿ ಸೋತ್ರ ಕಳ್ಳ ಆಗ್ತೀವಿ, ಅಷ್ಟ. ಬ್ಯಾಡ ಅಂದ್ರ ಬಿಡ್ತೀವ್ರಿ. ಆದ್ರ ಕೈ ಸೋತದ್ದು ಮೊದಲ ಎಲ್ಲಿ ಗೊತ್ತಾಗ್ಬೇಕು, ನೀವ ಹೇಳ್ರಿ."

ಆಫೀಸರು ಅವನ ಅಂಗೈಯ ಸುಟ್ಟ ಕಲೆಯನ್ನು ನೋಡಿದರು. ಇಡೀ ದಿನ ಅಪ್ಪಣೆಯೂ ಇಲ್ಲ, ಶಿಕ್ಷೆಯೂ ಇಲ್ಲ. ಸಂಜೆ ಜವಾನನ ಕೈಲಿ ಹೇಳಿ ಕಳಿಸಿದರು: ಕಾಂಪೌಂಡಿನ ಒಳಗೆ ಬೇಡ. ಹೊರಗೆ ಏನು ಮಾಡಿದರೂ ತಾವು ನೋಡಿಲ್ಲ.

ಆಟ ರಾಯಚೂರು ರಸ್ತೆಯ ಪಕ್ಕದ ಹುಣಸೆ ಗಿಡಕ್ಕೆ ಹೋಯಿತು. ಬಸ್ಸಿನವರು ಕಿಟಕಿಯಿಂದ ತಲೆ ಹೊರಹಾಕಿ ನೋಡುತ್ತಿದ್ದರು. ಒಂದು ಮುಂಜಾನೆ ಯಮನಮ್ಮ ಗಂಡ ಮರೆತು ಬಂದ ಬುತ್ತಿ ಹಿಡಿದು ಅಲ್ಲಿಗೆ ಬಂದಳು. ಹೆಣ್ಣುಮಗಳು ಬಂದಳೆಂದು ಗಿಡದ ಮೇಲಿದ್ದ ಉಳಿದವರೆಲ್ಲ ನಾಚಿ ಆಟ ನಿಲ್ಲಿಸಿದರು. ಅವಳು ಬುತ್ತಿಯನ್ನು ಬೇರಿನ ಮೇಲಿಟ್ಟು, ಸೆರಗು ತಲೆಗೆಳೆದುಕೊಂಡು ಮೇಲೆ ನೋಡಿದಳು. ಸುಂಕಪ್ಪನ ಗಡ್ಡದಲ್ಲಿ ಆಗಲೇ ಬಿಳಿ ಕೂದಲಿದ್ದವು. ಎತ್ತರದ ಟೊಂಗೆಯ ಕಡೆ ಕಾಲು ಚಾಚುತ್ತಿದ್ದ.

"ಆ ಟೊಂಗಿ ಒಣಗ್ಯಾದ," ಎಂದಳು ಯಮನಮ್ಮ. "ಎಡಕ್ಕ ಸರೀರಿ."

ಸುಂಕಪ್ಪ ಎಡಕ್ಕೆ ಸರಿದ.